ಬಾಗಿಲ ಹಿಂದೆ ಒಂದು ಚೀಲ

ನಮ್ಮ ಊರ ಮನೆಯ ಜಗುಲಿ ಬಾಗಿಲ ಹಿಂದೆ, ಛತ್ರಿ ಸಿಗಿಸುವ ಗೂಟಕ್ಕೆ ಒಂದು ನೀಲಿ ಚೀಲ ನೇತಾಡುತ್ತಿದೆ. ಹೈಸ್ಕೂಲಿಗೆ ಹೋಗುವಾಗ ಹೆಗಲಿಗೇರಿಸುತ್ತಿದ್ದ ಹಳೇ ಚೀಲ ಅದು. ಒಂದು ಜಿಪ್ ಕೆಟ್ಟಿದೆ, ಪಿನ್ನು ಹಾಕಿದ್ದೇವೆ. ಮನೆಗೆ ಬಂದವರು ಅದನ್ನು ನೋಡಿ, "ಯಾರು ಹೊರಟದ್ದು, ಎಲ್ಲಿಗೆ?" ಎಂದು ಕೇಳುತ್ತಾರೆ. ಮೊದಮೊದಲು ನಾವು ವಿವರಿಸಿ ಹೇಳುತ್ತಿದ್ದೆವು. ಈಗ ಅಜ್ಜಿಯೇ ಉತ್ತರ ಕೊಡುತ್ತಾಳೆ: "ಹೊಳೆ ಬಂದ್ರೆ ಓಡೂಕೆ."

ನಾವಿಬ್ಬರು ಅಕ್ಕ ತಂಗಿ. ಓದಿದ್ದು ಪತ್ರಿಕೋದ್ಯಮ, ಎರಡು ವರ್ಷ ಹಿಂದೆ ಮುಂದೆ. ಈಗ ಒಬ್ಬಳು ಕಾರವಾರದಲ್ಲಿ ಬಾಡಿಗೆ ರೂಮು ಹಿಡಿದಿದ್ದಾಳೆ, ಇನ್ನೊಬ್ಬಳು ಅಂಕೋಲಾ ತಾಲೂಕಿನಲ್ಲಿ, ಗಂಗಾವಳಿಯಿಂದ ಕೂಗಳತೆಯಲ್ಲಿರುವ ಈ ಮನೆಯಲ್ಲಿದ್ದಾಳೆ. ಬರಹ ಇಬ್ಬರದ್ದೂ ಆದ್ದರಿಂದ ಇಲ್ಲಿ 'ನಾನು' ಇಲ್ಲ. ಮನೆಯಲ್ಲಿ ಅಜ್ಜಿ, ಅಪ್ಪ, ಆಯಿ, ಒಂದು ದನ, ಅದರ ಕರು. ವಿಪತ್ತಿನ ಕುರಿತು ಊರೂರಿನಲ್ಲಿ ಮೈಕು ಹಿಡಿದು ಕೇಳುತ್ತಿದ್ದ ನಮಗೆ, ನಮ್ಮ ಮನೆಯಲ್ಲೇ ಒಂದು ಚೀಲ ಕಟ್ಟಿಡಬೇಕು ಎಂದು ಹೊಳೆಯಲು ಐದು ವರ್ಷ ಬೇಕಾಯಿತು.

2019ರ ಆಗಸ್ಟ್ ಮೊದಲ ವಾರ. ಗಂಗಾವಳಿಯ ಸ್ವಭಾವ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇದಕ್ಕೆ ಕಾಳಿ ನದಿಯಂತೆ ಮೇಲೆ ಅಣೆಕಟ್ಟು ಇಲ್ಲ. ಧಾರವಾಡ ಹುಬ್ಬಳ್ಳಿ ಕಡೆ ಹುಟ್ಟಿ, ಕಲಘಟಗಿ ದಾಟಿ, ಬೇಡ್ತಿ ಎಂಬ ಹೆಸರಲ್ಲಿ ಯಲ್ಲಾಪುರದ ಕಾಡಿನೊಳಗೆ ನುಗ್ಗಿ, ನಮ್ಮಲ್ಲಿಗೆ ಬರುವಾಗ ಗಂಗಾವಳಿಯಾಗುತ್ತದೆ. ಹಾಗಾಗಿ ನಮ್ಮ ಅಂಗಳದಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಹೊಡೆದರೆ ಹೊಳೆ ಏರುತ್ತದೆ. ಆ ವಾರ ಎರಡೂ ಕಡೆ ಒಟ್ಟಿಗೇ ಹೊಡೆಯಿತು. ಅಪ್ಪ ಸಂಜೆ ತೋಟದ ಬುಡದವರೆಗೆ ಹೋಗಿ ನೋಡಿ ಬಂದು, "ತಡಿ, ರಾತ್ರಿ ಇಳೀತದೆ" ಎಂದ. ಅವನಿಗೆ ಅಷ್ಟು ವರ್ಷದ ಅನುಭವ ಇತ್ತು, ಪ್ರತಿ ವರ್ಷವೂ ಹೊಳೆ ಹಾಗೆಯೇ ಇಳಿದಿತ್ತು. ಬೆಳಗಿನ ಜಾವ ಬಚ್ಚಲ ಕಡೆಯಿಂದ ನೀರು ಒಳಗೆ ಬಂತು. ಮುಂಬಾಗಿಲಿಂದ ಬಂದಿದ್ದರೆ ಕಾಣುತ್ತಿತ್ತು. ಬಚ್ಚಲ ತೂತಿನಿಂದ, ಸದ್ದಿಲ್ಲದೆ ಬಂತು.

ಕತ್ತಲೆ. ಕರೆಂಟು ಎರಡು ದಿನದಿಂದ ಇಲ್ಲ. ಆಯಿ ಅಕ್ಕಿ ಚೀಲವನ್ನು ಅಟ್ಟಕ್ಕೆ ಏರಿಸಲು ನಿಂತಳು, ಅಪ್ಪ ಕೊಟ್ಟಿಗೆಗೆ ಓಡಿದ. ನಾವಿಬ್ಬರೂ ಏನು ಮಾಡಿದೆವು ಎಂದರೆ ಹೇಳಲು ನಾಚಿಕೆಯಾಗುತ್ತದೆ: ಒಬ್ಬಳು ಲ್ಯಾಪ್‌ಟಾಪ್ ಎತ್ತಿಕೊಂಡಳು, ಇನ್ನೊಬ್ಬಳು ದೇವರ ಮುಂದಿದ್ದ ಹಿತ್ತಾಳೆ ದೀಪ. ಆ ದೀಪ ಏಕೆ ಎಂದು ಇವತ್ತಿಗೂ ಗೊತ್ತಿಲ್ಲ. ಮೊಣಕಾಲ ನೀರಿನಲ್ಲಿ ರಸ್ತೆಗೆ ಬಂದು, ಅಲ್ಲಿಂದ ಶಾಲೆಗೆ ಹೋದೆವು. ಆಗ ಅದನ್ನು ಗಂಜಿ ಕೇಂದ್ರ ಎನ್ನುತ್ತಿದ್ದರು, ಈಗ ಕಾಳಜಿ ಕೇಂದ್ರ ಎನ್ನುತ್ತಾರೆ. ಅನ್ನ, ಸಾರು, ಚಾಪೆ ಎಲ್ಲ ಇತ್ತು. ಅನ್ನಕ್ಕೆ ಯಾರೂ ಅತ್ತದ್ದು ನಾವು ನೋಡಲಿಲ್ಲ. ಅತ್ತದ್ದು ಬೇರೆಯದಕ್ಕೆ. ಆಯಿಯ ಸಕ್ಕರೆ ಮಾತ್ರೆ ಕಪಾಟಿನಲ್ಲಿ ಉಳಿದಿತ್ತು. ಪಕ್ಕದ ಮನೆಯ ಅಜ್ಜನಿಗೆ ಕನ್ನಡಕ ಇಲ್ಲದೆ ಎದುರಿಗೆ ಯಾರು ಬಂದರೂ ತಿಳಿಯುತ್ತಿರಲಿಲ್ಲ. ಒಬ್ಬ ಹುಡುಗಿಗೆ ಮುಟ್ಟಾಗಿ, ಅಷ್ಟು ಗಂಡಸರ ನಡುವೆ ಕೇಳಲಾರದೆ ಮೂಲೆಯಲ್ಲಿ ಕೂತಿದ್ದಳು. ಮೊಬೈಲುಗಳೆಲ್ಲ ಸತ್ತಿದ್ದವು. ಚಾರ್ಜ್ ಇದ್ದ ಒಂದು ಫೋನು ಸಿಕ್ಕಿದಾಗ ಗೊತ್ತಾಯಿತು, ನಮ್ಮಲ್ಲಿ ಯಾರಿಗೂ ಯಾರ ನಂಬರೂ ಬಾಯಿಪಾಠ ಇರಲಿಲ್ಲ.

ಅಜ್ಜಿ ಮಾತ್ರ ನಿಶ್ಚಿಂತೆ. ಅವಳ ಸೊಂಟದಲ್ಲಿ ಕವಳದ ಸಂಚಿ ಇತ್ತು. ಹೊಗೆಸೊಪ್ಪು, ಸುಣ್ಣದ ಡಬ್ಬಿ, ಅಡಿಕೆ, ಅಡಕತ್ತರಿ, ಅದರ ಒಳಗಿನ ಕಿಸೆಯಲ್ಲಿ ಮಡಚಿ ಮಡಚಿ ಇಟ್ಟ ನೂರರ ನೋಟುಗಳು, ಎರಡು ಬೀಗದ ಕೈ, ಅವಳ ಬೀಪಿ ಮಾತ್ರೆಯ ಅರ್ಧ ಹಾಳೆ, ಒಂದು ಚೀಟಿಯಲ್ಲಿ ಮಾವನ ಫೋನ್ ನಂಬರು. ಅವಳು ಅದನ್ನು ಸ್ನಾನಕ್ಕೆ ಹೋಗುವಾಗ ಬಿಟ್ಟರೆ ಬೇರೆ ಯಾವಾಗಲೂ ಕೆಳಗಿಡುವವಳಲ್ಲ. ಆ ಮೂರು ದಿನ ನಮ್ಮ ಇಡೀ ಮನೆ ನಡೆದದ್ದು ಆ ಸಂಚಿಯ ಮೇಲೆ.

ನೀರು ಇಳಿದು ಮನೆಗೆ ಬಂದಾಗ ಮಂಚದ ಕೆಳಗಿನ ಟ್ರಂಕು ಮುಚ್ಚಳ ಮುಚ್ಚಿಕೊಂಡೇ ಇತ್ತು. ತೆಗೆದರೆ ಒಳಗೆ ಕೆಸರಿನ ದೋಸೆ. ರೇಷನ್ ಕಾರ್ಡು, ಪಾಸ್‌ಬುಕ್ಕು, ನಮ್ಮ ಮಾರ್ಕ್ಸ್ ಕಾರ್ಡು, ಎಲ್ಲದರ ಜೊತೆ ಅರಣ್ಯ ಹಕ್ಕು ಅರ್ಜಿಯ ಕಡತ. ಉತ್ತರ ಕನ್ನಡದವರಿಗೆ ಇದರ ಬೆಲೆ ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ: ನಮ್ಮ ಮನೆ ನಿಂತ ಜಾಗ, ಹಿಂದಿನ ತುಂಡು ತೋಟ, ದಾಖಲೆಯಲ್ಲಿ ಅರಣ್ಯ. ಜಿಲ್ಲೆಯಲ್ಲಿ ಹೀಗಿರುವ ಕುಟುಂಬಗಳು ಅಸಂಖ್ಯ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದೆವು ಎಂದು ತೋರಿಸಬೇಕು. ಅದಕ್ಕೆ ಅಪ್ಪ ಹತ್ತು ಹನ್ನೆರಡು ವರ್ಷ ಅಲೆದು ಒಂದೊಂದೇ ಕಾಗದ ಕೂಡಿಸಿದ್ದ. ಅರ್ಜಿ ಕೊಟ್ಟ ಸ್ವೀಕೃತಿ, ನಕಾಶೆ, ಅಜ್ಜನ ಕಾಲದ ಒಂದು ದಂಡದ ರಸೀದಿ. ಹೌದು, ಆಗ ದಂಡ ಹಾಕಿದ ರಸೀದಿಯೇ ಈಗ ನಾವಿದ್ದೆವು ಎಂಬುದಕ್ಕೆ ಸಾಕ್ಷಿ. ಅಪ್ಪ ಆ ಹಾಳೆಗಳನ್ನು ಬಿಡಿಸಲು ಹೋದ, ಬೆರಳಿಗೆ ಅಂಟಿಕೊಂಡು ಬಂದವು. ಒಂದು ದಿನ ಇಡೀ ಹಂಚಿನ ಮೇಲೆ ಒಣಗಿಸಿದ. ಆಯಿ ಬೈದಳು, ಮತ್ತೆ ತಾನೇ ಕೂತು ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿ ಒತ್ತಿದಳು. ನಾಲ್ಕು ಹಾಳೆ ಓದುವ ಹಾಗೆ ಉಳಿದವು.

ಆ ವರ್ಷ ಸರ್ಕಾರ ನೀರು ನುಗ್ಗಿದ ಮನೆಗಳಿಗೆ ತುರ್ತಾಗಿ 10,000 ರೂಪಾಯಿ ಕೊಟ್ಟಿತು, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದು ಘೋಷಿಸಿತು. ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ನಮ್ಮ ಹಿಂದಿನ ಗೋಡೆ ಕುಸಿದಿತ್ತು. ಒಂದು ಕಚೇರಿಯಲ್ಲಿ ಜಾಗದ ಕಾಗದ ಕೇಳಿದರು. ಇನ್ನೊಂದರಲ್ಲಿ, ಕಾಗದ ಹೊಳೆಯಲ್ಲಿ ಹೋಯಿತು ಎಂದರೆ, ಹೋದದ್ದಕ್ಕೆ ಕಾಗದ ತನ್ನಿ ಎಂದರು. ನಾವು ನಗುತ್ತೇವೆ ಎಂದುಕೊಂಡಿದ್ದೆವು. ಅಪ್ಪನ ಮುಖ ನೋಡಿ ನಗು ಬರಲಿಲ್ಲ.

ಕಾಗದದ ವಿಷಯದಲ್ಲಿ ನಮ್ಮ ಗುರು ತೋಡೂರಿನ ಅತ್ತೆ. ಅವಳದ್ದು ಸೀಬರ್ಡ್ ನಿರಾಶ್ರಿತರ ಕುಟುಂಬ. ಕಾರವಾರದ ದಕ್ಷಿಣಕ್ಕೆ ಅರಗಾ, ಬಿಣಗಾ ಕಡೆಯಿಂದ ಅಂಕೋಲೆಯ ಗಡಿಯವರೆಗೆ ಕಡಲ ಸಾಲಿನ ಊರುಗಳು ನೌಕಾನೆಲೆಗೆ ಹೋದವು. 1986ರಲ್ಲಿ ಶಂಕುಸ್ಥಾಪನೆ, 2005ರಲ್ಲಿ ಐಎನ್‌ಎಸ್ ಕದಂಬ ಶುರು. ನಡುವಿನ ವರ್ಷಗಳಲ್ಲಿ ಮನೆ ಕಳಚಿ ಹಂಚು, ತೊಲೆ, ಬಾಗಿಲು ಲಾರಿಗೆ ಹಾಕಿಕೊಂಡು ಕಾಲೊನಿಗೆ ಬಂದವರು ಅವರು. ಪರಿಹಾರಕ್ಕಾಗಿ ಕೋರ್ಟು ಕಚೇರಿ ಅಲೆದು ಮುದುಕರಾದವರು. ಚೀಲದ ವಿಷಯ ಹೇಳಿದಾಗ ಅತ್ತೆ ಸಕ್ಕರೆ ಹಾಕದ ಚಹಾ ಕೊಟ್ಟು ಹೇಳಿದಳು: "ದುಡ್ಡು ಹೋದ್ರೆ ಬರ್ತದೆ ಮಗಾ. ಕಾಗದ ಹೋದ್ರೆ ನೀ ಅಲ್ಲಿ ಇರಲೇ ಇಲ್ಲ ಅಂತಾರೆ." ಅವಳ ಕಾಗದಗಳು ಇಪ್ಪತ್ತು ವರ್ಷದಿಂದ ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ, ಎರಡು ಪ್ಲಾಸ್ಟಿಕ್ ಕೊಟ್ಟೆಯೊಳಗೆ ಇವೆ. ಒಂದು ಪ್ರತಿ ಮಗನ ಮನೆಯಲ್ಲಿ, ಒಂದು ವಕೀಲರಲ್ಲಿ.

ಇಷ್ಟಾದರೂ ನಾವು ಚೀಲ ಕಟ್ಟಲಿಲ್ಲ. 2021ರ ಜುಲೈಯಲ್ಲಿ ಮತ್ತೆ ನೆರೆ ಬಂತು. ಗುಳ್ಳಾಪುರದ ಸೇತುವೆ ಕೊಚ್ಚಿ ಹೋಯಿತು, ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಜಾರಿತು. ನಮ್ಮ ಮನೆಯ ಮೆಟ್ಟಿಲವರೆಗೆ ಬಂದು ನೀರು ನಿಂತಿತು. ನಿಂತಿತಲ್ಲ, ಎಂದು ಮರೆತೆವು.

ಮತ್ತೆ 2024ರ ಜುಲೈ 16. ಶಿರೂರಿನಲ್ಲಿ ಬೆಳಿಗ್ಗೆ ಗುಡ್ಡ ಬಂತು. ಹೆದ್ದಾರಿ 66ರ ಬದಿಗೆ ಚಹಾ ಅಂಗಡಿ, ಅಲ್ಲಿ ನಿಂತ ಲಾರಿಗಳು, ಚಹಾ ಕುಡಿಯುತ್ತಿದ್ದ ಜನ. ಎಲ್ಲವನ್ನೂ ತಳ್ಳಿಕೊಂಡು ಮಣ್ಣು ಗಂಗಾವಳಿಗೆ ಬಿತ್ತು. ಗ್ಯಾಸ್ ಟ್ಯಾಂಕರ್ ಒಂದು ಹೊಳೆಯಲ್ಲಿ ತೇಲಿಕೊಂಡು ಹೋಯಿತು. ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಗೆ ಅಪ್ಪಳಿಸಿ ಮನೆಗಳನ್ನು ಕೆಡವಿತು. ಹನ್ನೊಂದು ಜೀವ ಹೋದವು. ಕೋಝಿಕ್ಕೋಡಿನ ಲಾರಿ ಚಾಲಕ ಅರ್ಜುನ್ ಅವರ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ನಾವು ವರದಿಗೆಂದು ಎರಡೂ ದಡಕ್ಕೆ ಹೋಗಿದ್ದೆವು. ಉಳುವರೆಯ ಜನ ಗುಡ್ಡಕ್ಕೆ ಹೆದರಿದವರೇ ಅಲ್ಲ, ಗುಡ್ಡ ಇದ್ದದ್ದು ಹೊಳೆಯ ಆಚೆಗೆ. ನಾವು ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ಪುಸ್ತಕದ ಅಂಚಿನಲ್ಲಿ ಆ ದಿನ ಬರೆದ ಒಂದು ಸಾಲು ಇನ್ನೂ ಇದೆ: "ಇವರಿಗೆ ಎಷ್ಟು ನಿಮಿಷ ಸಿಕ್ಕಿತ್ತು?" ಉತ್ತರ ಬರೆದಿಲ್ಲ. ನಿಮಿಷವೇ ಸಿಕ್ಕಿರಲಿಲ್ಲ.

ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ಹಳೇ ಸೇತುವೆ ಕುಸಿಯಿತು. ಕೋಡಿಬಾಗದಿಂದ ಸದಾಶಿವಗಡಕ್ಕೆ ನಾವೂ ಎಷ್ಟೋ ಸಲ ದಾಟಿದ ಸೇತುವೆ. ಅದರೊಡನೆ ಬಿದ್ದ ಲಾರಿಯ ಚಾಲಕ ಬದುಕಿ ಬಂದ. ಆ ರಾತ್ರಿ ಫೋನಿನಲ್ಲಿ ನಾವಿಬ್ಬರೂ ಮಾತಾಡಿಕೊಂಡದ್ದು ಸುದ್ದಿಯ ಬಗ್ಗೆ ಅಲ್ಲ. ಚೀಲದ ಬಗ್ಗೆ.

ಮರುವಾರ ಕಟ್ಟಲು ಕೂತೆವು. ಮೊದಲ ಸುತ್ತಿನಲ್ಲಿ ಮನೆಯವರೆಲ್ಲ ಒಂದೊಂದು ತಂದರು. ಆಯಿ ಎರಡು ಕೇಜಿ ಕುಚ್ಚಲಕ್ಕಿ ತಂದಳು, ಜೊತೆಗೆ ಒಣಮೀನು. ಚೀಲದೊಳಗೆ ಒಣಮೀನು ಬೇಡ ಎಂದು ಒಪ್ಪಿಸಲು ಅರ್ಧ ದಿನ ಹೋಯಿತು. ಅಪ್ಪ ಕತ್ತಿ, ಹಗ್ಗ, ಮೊಳೆ ತಂದ. ನಾವು ಐದು ಲೀಟರಿನ ನೀರಿನ ಕ್ಯಾನು ತುರುಕಿದೆವು. ಅಂಗಡಿಯ ತಕ್ಕಡಿಗೆ ಹಾಕಿದರೆ ಹದಿನಾಲ್ಕು ಕೇಜಿ. ಅಂಗಡಿಯವರು, "ಇದನ್ನು ಹೊತ್ತುಕೊಂಡು ಓಡೂದಾದ್ರೆ ನೆರೆಗಿಂತ ಮೊದಲು ನೀವೇ ಬೀಳ್ತೀರಿ" ಎಂದರು. ಎರಡನೇ ಸುತ್ತಿನಲ್ಲಿ ಒಂದೇ ಪ್ರಶ್ನೆ ಇಟ್ಟುಕೊಂಡೆವು: ಕಾಳಜಿ ಕೇಂದ್ರದಲ್ಲಿ ಸಿಗುವುದು ಯಾವುದು, ಸಿಗದೇ ಇರುವುದು ಯಾವುದು? ಅಕ್ಕಿ ಅಲ್ಲಿ ಸಿಗುತ್ತದೆ. ಆಯಿಯ ಮಾತ್ರೆ ಸಿಗುವುದಿಲ್ಲ.

ಹೀಗೆ ಉಳಿದದ್ದು ಆರೂವರೆ ಕೇಜಿ. ಅಜ್ಜಿ ಮತ್ತು ಆಯಿಯ ಒಂದು ವಾರದ ಮಾತ್ರೆ, ಡಾಕ್ಟರ್ ಚೀಟಿಯ ಪ್ರತಿಯೊಂದಿಗೆ. ಅಜ್ಜಿಯ ಹಳೇ ಕನ್ನಡಕ. ಒಂದು ಕಡ್ಡಿ ಇಲ್ಲ, ಆದರೂ ಕಾಣುತ್ತದೆ. ಪ್ಯಾಡುಗಳು ಮೂರು ಪೊಟ್ಟಣ, ನಮಗೆ ಬೇಕಾದ್ದಕ್ಕಿಂತ ಹೆಚ್ಚು, ಬೇಕೆಂದೇ. ಬ್ಯಾಟರಿ, ಬೇರೆಯಾಗಿ ಸೆಲ್ಲು. ಪವರ್ ಬ್ಯಾಂಕು, ಗುಂಡಿಯ ಹಳೇ ಮೊಬೈಲು. ಒಂದು ಸೀಟಿ. ಎರಡು ಲೀಟರು ನೀರು, ಆಶಾ ಕಾರ್ಯಕರ್ತೆ ಕೊಟ್ಟ ಕ್ಲೋರಿನ್ ಮಾತ್ರೆ. ನೆರೆ ಬಂದಾಗ ಸುತ್ತ ನೀರೇ ಇರುತ್ತದೆ, ಬಾವಿಯ ನೀರು ಮಾತ್ರ ಕುಡಿಯುವ ಹಾಗಿರುವುದಿಲ್ಲ; ಮಾತ್ರೆ ಹಾಕಿ ಅರ್ಧ ಗಂಟೆ ಬಿಡಬೇಕು. ಅವಲಕ್ಕಿ, ಬೆಲ್ಲ, ಓಆರ್‌ಎಸ್. ತಲಾ ಒಂದು ಜೊತೆ ಬಟ್ಟೆ, ಒಂದು ತೆಳು ಹೊದಿಕೆ. ನೋಟು, ಎಲ್ಲ ನೂರು ಐವತ್ತರವು, ಏಕೆಂದರೆ ಟವರು ಬಿದ್ದಾಗ ಫೋನ್‌ಪೇ ನಡೆಯುವುದಿಲ್ಲ, ಐನೂರಕ್ಕೆ ಚಿಲ್ಲರೆ ಯಾರಲ್ಲೂ ಇರುವುದಿಲ್ಲ. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಹನ್ನೆರಡು ನಂಬರು. ಮೊದಲನೆಯದು ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿನ 1077, ಎರಡನೆಯದು 112.

ಕಾಗದಗಳಿಗೆ ಬೇರೆ ಏರ್ಪಾಡು. ಆಧಾರ್, ಮಾರ್ಕ್ಸ್ ಕಾರ್ಡು ಡಿಜಿಲಾಕರ್‌ನಲ್ಲಿ ಇವೆ, ನೆಟ್‌ವರ್ಕ್ ಬಂದ ಮೇಲೆ ತೆಗೆಯಬಹುದು. ಆದರೆ ಅಜ್ಜನ ದಂಡದ ರಸೀದಿ ಯಾವ ಲಾಕರಿನಲ್ಲೂ ಇಲ್ಲ. ಉಳಿದ ಆ ನಾಲ್ಕು ಹಾಳೆಗಳ ಫೋಟೊ ತೆಗೆದು, ಜೆರಾಕ್ಸ್ ಮಾಡಿಸಿ, ಒಂದು ಪ್ರತಿ ಕಾರವಾರದ ರೂಮಿಗೆ, ಒಂದು ತೋಡೂರಿನ ಬಿಸ್ಕೀಟ್ ಡಬ್ಬಿಗೆ. ಮೂಲವನ್ನು ಎರಡು ಕೊಟ್ಟೆಯಲ್ಲಿ ಸುತ್ತಿ, ಬಾಯಿಗೆ ಮೇಣದಬತ್ತಿಯಿಂದ ಮೊಹರು ಹಾಕಿ ಚೀಲದ ಬೆನ್ನಿನ ಕಿಸೆಯಲ್ಲಿಟ್ಟೆವು.

ಚೀಲ ಕಟ್ಟುವುದು ಸುಲಭ. ಅದನ್ನು ಯಾವಾಗ ಎತ್ತಬೇಕು ಎಂಬುದೇ ಕಷ್ಟ. 2019ರಲ್ಲಿ ನಮ್ಮನ್ನು ಮುಳುಗಿಸಿದ್ದು ಹೊಳೆಗಿಂತ ಹೆಚ್ಚಾಗಿ "ತಡಿ, ಇಳೀತದೆ" ಎಂಬ ಮಾತು. ಅಪ್ಪನನ್ನು ದೂರುತ್ತಿಲ್ಲ, ನಾವೂ ಅದನ್ನೇ ಕೇಳಲು ಕಾದಿದ್ದೆವು. ಹಾಗಾಗಿ ತೋಟದ ಬುಡದಲ್ಲಿ, ಹೊಳೆಗಿಳಿಯುವ ದಾರಿಯ ಚಿರೆಕಲ್ಲಿನ ಕಂಬಕ್ಕೆ ಕೆಂಪು ಬಣ್ಣದ ಗೆರೆ ಎಳೆದೆವು. ನೀರು ಅದಕ್ಕೆ ಮುಟ್ಟಿದರೆ ಹೊರಡುವುದು, ಮಳೆ ನಿಂತಿರಲಿ, ಬಿಸಿಲು ಬಿದ್ದಿರಲಿ. ರಾತ್ರಿಯಾದರೆ ಗೆರೆ ಕಾಣುವುದಿಲ್ಲ, ಆದ್ದರಿಂದ ಕತ್ತಲಾಗುವ ಮೊದಲು ಗೆರೆಗೆ ಒಂದು ಮೊಳ ಉಳಿದಿದ್ದರೂ ಹೊರಡುವುದು. ರಾಮನಗುಳಿ ಕಡೆಯ ಒಬ್ಬ ನೆಂಟರಿಗೆ ಮಳೆಗಾಲದಲ್ಲಿ ದಿನಕ್ಕೊಮ್ಮೆ ಫೋನ್ ಮಾಡುವುದು ಆಯಿಯ ಕೆಲಸ. ಹೊಳೆ ನಮ್ಮಲ್ಲಿಗಿಂತ ಮೊದಲು ಅವರಲ್ಲಿ ಏರುತ್ತದೆ. ಆ ಫೋನು ಈಗ ಅರ್ಧ ಗಂಟೆ ನಡೆಯುತ್ತದೆ, ಹೊಳೆಯ ಮಾತು ಎರಡು ನಿಮಿಷ.

ಈ ಸಲ ಮಳೆಗಾಲಕ್ಕೆ ಮುಂಚೆ ಒಂದು ತಾಲೀಮು ಮಾಡಿ ನೋಡಿದೆವು. "ಹೊರಡಿ" ಎಂದ ಹೊತ್ತಿನಿಂದ ಎಲ್ಲರೂ ರಸ್ತೆಗೆ ಬರಲು ಇಪ್ಪತ್ತೆರಡು ನಿಮಿಷ. ಮೇನ್ ಸ್ವಿಚ್ ಆರಿಸಿ, ಗ್ಯಾಸ್ ಬಂದ್ ಮಾಡುವುದಕ್ಕೆ ಮೂರೇ ನಿಮಿಷ ಸಾಕಾಯಿತು. ಅಪ್ಪ ಕೊಟ್ಟಿಗೆಯಲ್ಲಿ ದನ ಬಿಚ್ಚಿ ಏರುಹಾದಿಗೆ ಬಿಡುವುದಕ್ಕೆ ಎಂಟು. ಉಳಿದದ್ದೆಲ್ಲ ಅಜ್ಜಿಗೆ. "ನಾ ಬರೂದಿಲ್ಲ. ನನ್ನ ಮದುವೆಯಾಗಿ ತಂದಿಟ್ಟದ್ದು ಈ ಮನೆಗೆ" ಎಂದು ಜಗುಲಿಯಲ್ಲಿ ಕೂತಳು. ಇದು ತಾಲೀಮು ಅಜ್ಜಿ ಎಂದರೆ, "ತಾಲೀಮಿಗೆ ನಿಮ್ಮ ಜೊತೆ ನಾನೆಂತಕ್ಕೆ?" ಮುಂದೆ ನಿಜವಾಗಿ ಬಂದರೆ ಎಂದು ಕೇಳಿದೆವು. ಉತ್ತರ ಕೊಡದೆ ಕವಳ ಹಾಕಿಕೊಂಡಳು.

ಆಮೇಲೆ ನಮಗೆ ನೆನಪಾದ ಒಂದು ಸಂಗತಿ ಇದೆ. ಅರಣ್ಯ ಹಕ್ಕು ನಿಯಮಗಳಲ್ಲಿ ಸಾಕ್ಷ್ಯ ಎಂದರೆ ಸರ್ಕಾರಿ ಕಾಗದ ಮಾತ್ರ ಅಲ್ಲ. ಬಾವಿ, ಮನೆ, ಹಳೇ ಮರಗಳಂಥ ಗುರುತುಗಳೂ ನಡೆಯುತ್ತವೆ. ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ನಡೆಯುತ್ತದೆ. ಅರ್ಜಿ ಅಪ್ಪನ ಹೆಸರಲ್ಲಿದೆ. ಅಜ್ಜಿ ಈ ಮನೆಗೆ ಬಂದದ್ದು ಹದಿನಾರನೇ ವಯಸ್ಸಿಗೆ, ಬಂದಾಗ ಅವಳ ಅತ್ತೆ ಇಲ್ಲೇ ಮುದುಕಿಯಾಗಿದ್ದಳು. ಬಾವಿ ತೋಡಿದವರು ಯಾರು, ಹಲಸಿನ ಮರ ನೆಟ್ಟದ್ದು ಯಾವ ಮಳೆಗಾಲ, ಅದಕ್ಕೆ ಮುಂಚೆ ಅಲ್ಲಿ ಏನಿತ್ತು, ಎಲ್ಲವೂ ಅವಳ ಬಾಯಲ್ಲಿದೆ. ಹೊಳೆಯಲ್ಲಿ ಹೋದ ಹಾಳೆಗಳಿಗಿಂತ ಹೆಚ್ಚಿನದು. ಇದನ್ನು ಅವಳಿಗೆ ಹೇಳಿದೆವು. ಸರ್ಕಾರದ ಲೆಕ್ಕದಲ್ಲಿ ನೀನೇ ಒಂದು ಕಾಗದ, ನಿನ್ನನ್ನು ಬಿಟ್ಟು ಹೋದರೆ ಜಾಗ ಹೋದ ಹಾಗೆ ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಂಗಾದ್ರೆ ನನ್ನ ಎರಡು ಕೊಟ್ಟೆಯಲ್ಲಿ ಸುತ್ತಿ ಕರ್ಕಂಡು ಹೋಗಿ" ಎಂದಳು. ಮೂರು ಸಂಜೆ ಕೂತು ಅವಳ ಹೇಳಿಕೆಯನ್ನು ಬರೆದುಕೊಂಡಿದ್ದೇವೆ, ಹೆಬ್ಬೆಟ್ಟು ಒತ್ತಿದ್ದಾಳೆ. ವಿಚಾರಣೆಯ ದಿನಕ್ಕೆ ಕಾಯುತ್ತಿದ್ದೇವೆ.

ಕಾರವಾರದ ರೂಮಿನ ಲೆಕ್ಕ ಬೇರೆ. ಅದು ಗುಡ್ಡದ ಬುಡ. ಅಲ್ಲಿ ಜನ ಕದ್ರಾ ಅಣೆಕಟ್ಟಿನ ಗೇಟು ತೆರೆಯುವ ಸುದ್ದಿಗೆ ಕಿವಿ ಕೊಡುತ್ತಾರೆ, ಅದು ಮೊದಲೇ ಸಾರಿ ಬರುವ ನೀರು. ಗುಡ್ಡ ಸಾರಿ ಬರುವುದಿಲ್ಲ. 2009ರ ಅಕ್ಟೋಬರ್ 2ರಂದು ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. ಮಳೆಗಾಲ ಮುಗಿಯಿತು ಎಂದುಕೊಂಡಿದ್ದ ಹೊತ್ತು ಅದು. ಹಾಗಾಗಿ ರೂಮಿನ ಚೀಲ ಒಂದೂವರೆ ಕೇಜಿಯದ್ದು, ಬಾಗಿಲ ಪಕ್ಕ, ಚಪ್ಪಲಿಯ ಮೇಲೆ. ಜೋರು ಮಳೆಯ ರಾತ್ರಿ ಗುಡ್ಡದ ಕಡೆಯ ಗೋಡೆ ಬಿಟ್ಟು ರಸ್ತೆ ಕಡೆ ಚಾಪೆ. ಅಂಗಳದಲ್ಲಿ ಹೊಸ ಬಿರುಕು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಒರತೆಯ ತಿಳಿನೀರು ಕೆಂಪಾಗುವುದು, ಮರ ವಾಲುವುದು. ಇವುಗಳಲ್ಲಿ ಒಂದು ಕಂಡರೂ ಚೀಲಕ್ಕೂ ಕಾಯದೆ ಹೊರಗೆ ಬರುವುದು ಎಂದು ಮಾಲಕಿನ್ ಮತ್ತು ನಾವು ಮಾತಾಡಿಕೊಂಡಿದ್ದೇವೆ. ಬಾಡಿಗೆ ಕಡಿಮೆ ಮಾಡುವ ಮಾತಿಗೆ ಮಾತ್ರ ಅವರು ಒಪ್ಪಲಿಲ್ಲ.

ಪ್ರತಿ ತಿಂಗಳ ಒಂದನೇ ತಾರೀಕಿಗೆ ಊರಿನ ಚೀಲ ಬಿಚ್ಚಿ ನೋಡುತ್ತೇವೆ, ಮಾತ್ರೆಯ ತಾರೀಕು, ಅವಲಕ್ಕಿಗೆ ಹುಳ ಬಿತ್ತೇ ಎಂದು. ಕಳೆದ ಸಲ ಬಿಚ್ಚಿದಾಗ ಒಳಗೆಲ್ಲ ಹೊಗೆಸೊಪ್ಪಿನ ವಾಸನೆ. ಅಜ್ಜಿ ತನ್ನ ಪಾಲಿನದೊಂದು ಪೊಟ್ಟಣ ಸೇರಿಸಿದ್ದಳು. ಯಾವಾಗ ಇಟ್ಟಳು ಎಂದು ಯಾರೂ ನೋಡಿಲ್ಲ, ನಾವೂ ಕೇಳಲಿಲ್ಲ. ಬ್ಯಾಟರಿ ಒತ್ತಿದರೆ ಹೊತ್ತಲಿಲ್ಲ. ಸೆಲ್ಲೇ ಇಲ್ಲ. ಅಪ್ಪನನ್ನು ಕೇಳಿದರೆ, "ಗಡಿಯಾರ ನಿಂತಿತ್ತು" ಎಂದ. ನಾಳೆ ಅಂಕೋಲೆ ಪೇಟೆಗೆ ಹೋದಾಗ ಆರು ಸೆಲ್ಲು ತರಬೇಕು, ಎರಡು ಗಡಿಯಾರಕ್ಕೆ.